ಇಲ್ಲಿಂದ ಇಲ್ಲಿಗೆ

ಹೊರನಾಡಿನ ಕನ್ನಡ ಸಂಘದಲ್ಲಿ ಅಧ್ಯಕ್ಷರ ಕುರ್ಚಿಗೆ ಪೈಪೋಟಿ ಇರುತ್ತದೆ. ಯಕ್ಷಗಾನದ ದಿನ ಮೈಕ್ ಯಾರ ಕೈಯಲ್ಲಿರಬೇಕು, ಸ್ಮರಣ ಸಂಚಿಕೆಯಲ್ಲಿ ಯಾರ ಫೋಟೋ ಯಾರ ಫೋಟೋಗಿಂತ ಮೇಲೆ ಬರಬೇಕು, ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತೋ ಪಲಾವೋ, ಎಲ್ಲಕ್ಕೂ ಪೈಪೋಟಿ ಇರುತ್ತದೆ. ವೆಬ್‌ಸೈಟ್ ನೋಡಿಕೊಳ್ಳುವ ಕೆಲಸಕ್ಕೆ ಮಾತ್ರ ಯಾರೂ ಕೈ ಎತ್ತಿದ್ದನ್ನು ನಾನು ಕಂಡಿಲ್ಲ. ಥಾಣೆಯ ನೌಪಾಡಾದ ನಮ್ಮ ಸಂಘದ ಮಹಾಸಭೆಯಲ್ಲಿ ಆ ವಿಷಯ ಬಂದಾಗ ನಾನು ಹೊರಗೆ ಚಹಾ ಕುಡಿಯುತ್ತಿದ್ದೆ. ಒಳಗೆ ಬಂದಾಗ ಚಪ್ಪಾಳೆ ಬೀಳುತ್ತಿತ್ತು. ಸಭಾಮರ್ಯಾದೆಗೆ ನಾನೂ ತಟ್ಟಿದೆ. ಯಾರಿಗೆ ಎಂದು ಪಕ್ಕದವರನ್ನು ಕೇಳಿದರೆ, "ನಿಮಗೇ ಮಾರಾಯ್ರೆ, ಇನ್ನು ವೆಬ್‌ಸೈಟ್ ನಿಮ್ಮದು" ಎಂದರು.

ನನ್ನ ಅರ್ಹತೆ ಇಷ್ಟೇ. ಬ್ಯಾಂಕಿಗೆ ಕಂಪ್ಯೂಟರ್ ಬಂದ ಕಾಲದಲ್ಲಿ ಅದರ ಮುಂದೆ ಕೂತವನು ನಾನು. ಕೂತದ್ದು ಸತ್ಯ. ಅದನ್ನು ನಡೆಸುತ್ತಿದ್ದವನು ನನ್ನ ಹಿಂದೆ ನಿಂತಿರುತ್ತಿದ್ದ ಒಬ್ಬ ಹುಡುಗ ಎಂಬ ವಿವರವನ್ನು ನಿವೃತ್ತಿಯ ಬೀಳ್ಕೊಡುಗೆ ಭಾಷಣಗಳಲ್ಲಿ ಯಾರೂ ಹೇಳಿರಲಿಲ್ಲ, ಹೀಗಾಗಿ ದಾಖಲೆಯಲ್ಲಿ ಉಳಿದಿರಲಿಲ್ಲ.

ಮುಂಬಯಿಯ ಮಾಟುಂಗಾದಲ್ಲಿ 1926ರ ಮೈಸೂರು ಅಸೋಸಿಯೇಶನ್ ಇದೆ, 1933ರ ಕರ್ನಾಟಕ ಸಂಘ ಇದೆ. ಅವರ ಎದುರು ನಾವು ಮೊನ್ನೆ ಹುಟ್ಟಿದವರು. ಗೋಖಲೆ ರಸ್ತೆಗೂ ರಾಮ ಮಾರುತಿ ರಸ್ತೆಗೂ ನಡುವಿನ ಒಂದು ಓಣಿಯಲ್ಲಿ ಬಾಡಿಗೆಯ ಕೋಣೆ, ಎರಡು ಕಪಾಟು ಪುಸ್ತಕ, ಪುಸ್ತಕಕ್ಕಿಂತ ಹೆಚ್ಚು ಟ್ರೋಫಿ, ಮತ್ತು ಒಂದು ವೆಬ್‌ಸೈಟ್. ಅದನ್ನು ಹಿಂದಿನ ಕಾರ್ಯದರ್ಶಿಯ ಮಗ ವರ್ಡ್‌ಪ್ರೆಸ್‌ನಲ್ಲಿ ಮಾಡಿಕೊಟ್ಟು ವಿದೇಶಕ್ಕೆ ಹೋಗಿದ್ದ. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಆದರೆ ಅಧಿಕಾರ ವಹಿಸಿಕೊಂಡವನು ಏನನ್ನಾದರೂ ಬದಲಿಸದಿದ್ದರೆ ವಹಿಸಿಕೊಂಡದ್ದು ಯಾರಿಗೆ ತಿಳಿಯಬೇಕು? ಮೆನುವಿನಲ್ಲಿ ಕನ್ನಡದ ಹೆಸರುಗಳು ಎರಡು ಸಾಲಾಗುತ್ತವೆ ಎಂಬ ನೆಪ ಹುಡುಕಿ, ಇದ್ದ ಮೆನುವನ್ನು ಕಿತ್ತುಹಾಕಿ, ಯೂಟ್ಯೂಬ್ ನೋಡಿ ನೋಡಿ ಪ್ರತಿ ಪುಟಕ್ಕೂ ಕೈಯಿಂದಲೇ ಹೊಸ ಮೆನು ಬರೆದೆ. ಹಳೆಯದರಲ್ಲಿ ಹೆಸರುಗಳ ಕೆಳಗೆ ಅಲ್ಲೊಂದು ಇಲ್ಲೊಂದು ಗೆರೆ ಕಾಣಿಸಿಕೊಂಡು ಮಾಯವಾಗುತ್ತಿತ್ತು. ಏನೋ ದೋಷವಿರಬೇಕೆಂದು ಅದನ್ನೂ ಗುಡಿಸಿ ಹಾಕಿದೆ. ಮುಖಪುಟ, ನಮ್ಮ ಬಗ್ಗೆ, ಕಾರ್ಯಕ್ರಮಗಳು, ಚಿತ್ರಗಳು, ಸದಸ್ಯತ್ವ, ಸಂಪರ್ಕ. ಎಲ್ಲ ಒಂದೇ ಬಣ್ಣ, ಒಂದೇ ಗಾತ್ರ, ಎಲ್ಲವೂ ಒತ್ತಿದರೆ ತೆರೆಯುತ್ತವೆ. ಸಮಾಜವಾದ ಎಂದರೆ ಇದೇ ಎಂದು ಹೆಮ್ಮೆಪಟ್ಟೆ.

ಮೊದಲ ಫೋನ್ ಖಜಾಂಚಿಯವರದು. ಮೂಲ ಧಾರವಾಡ, ವಾಸ ಘಂಟಾಳಿ.

"ಏನ್ರೀ, ನಿಮ್ಮ ವೆಬ್‌ಸೈಟ್ ಕೆಟ್ಟದೇನ್ರೀ? ಮುಖಪುಟ ಒತ್ತಲಿಕ್ಕತ್ತೀನಿ, ಒಮ್ಮೆ ಬೆಳ್ಳಗಾಗ್ತದ, ಮತ್ತ ಇಲ್ಲೇ ಬಂದು ನಿಂದರ್ತದ."

"ನೀವು ಈಗ ಎಲ್ಲಿದ್ದೀರಿ?"

"ಎಲ್ಲಿರ್ಲಿ? ಮನಿಯಾಗ ಇದ್ದೀನಿ."

"ಅಲ್ಲ, ಸೈಟಿನಲ್ಲಿ ಎಲ್ಲಿದ್ದೀರಿ?"

"ಸೈಟ್ ಧಾರವಾಡದಾಗ ಅದರೀ. ಅದಕ್ಕ ಇನ್ನೂ ಕಂಪೌಂಡ್ ಹಾಕ್ಸಿಲ್ಲ. ನಿಮಗ ಯಾರು ಹೇಳಿದ್ರು?"

ಅವರು ಮುಖಪುಟದಲ್ಲೇ ಇದ್ದುಕೊಂಡು ಮುಖಪುಟವನ್ನು ಒತ್ತುತ್ತಿದ್ದಾರೆ ಎಂದು ಅರ್ಥ ಮಾಡಿಸಲು ಸಾಕಷ್ಟು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ: "ಇಲ್ಲೇ ಇದ್ದವನಿಗೆ ಇಲ್ಲಿಗೆ ಬರೂ ದಾರಿ ಯಾಕ ತೋರಿಸ್ತೀರಿ?"

ಖಜಾಂಚಿ ಕೇಳಿದ್ದನ್ನು ಜಗತ್ತು ಬಹಳ ಹಿಂದೆಯೇ ಕೇಳಿಕೊಂಡಿತ್ತು. ಜೇಕಬ್ ನೀಲ್ಸನ್ ಎಂಬ ಡೆನ್ಮಾರ್ಕಿನ ಪಂಡಿತರೊಬ್ಬರಿದ್ದಾರೆ. ವೆಬ್‌ಸೈಟುಗಳಲ್ಲಿ ಜನ ಎಲ್ಲೆಲ್ಲಿ ಎಡವುತ್ತಾರೆ ಎಂದು ನೋಡುವುದೇ ಅವರ ಕಸುಬು. 2001ರಲ್ಲಿ ಮೇರಿ ತಾಹಿರ್ ಅವರೊಡನೆ 50 ವೆಬ್‌ಸೈಟುಗಳ ಮುಖಪುಟಗಳನ್ನು ಕೊಯ್ದು ನೋಡಿ ಒಂದು ಪುಸ್ತಕ ಬರೆದರು. ಅದರ 113 ಸೂತ್ರಗಳಲ್ಲಿ, ಮುಖಪುಟದಲ್ಲಿ ಮುಖಪುಟಕ್ಕೇ ಲಿಂಕ್ ಇಡಬೇಡಿ ಎಂಬುದೂ ಒಂದು. 2003ರ ಕೊನೆಗೆ ಅವರು ಪ್ರಕಟಿಸಿದ ಆ ವರ್ಷದ ಹತ್ತು ತಪ್ಪುಗಳ ಪಟ್ಟಿಯಲ್ಲಿ ಹತ್ತನೆಯದು, ತನಗೆ ತಾನೇ ಲಿಂಕ್ ಕೊಟ್ಟುಕೊಳ್ಳುವ ಪುಟ. ಒತ್ತಿದವನ ಹೊತ್ತು ಹಾಳು ಎಂಬುದು ಅವರ ಸಣ್ಣ ದೂರು. ತಾನು ಬರಬೇಕಾದಲ್ಲಿಗೆ ಬಂದಿದ್ದೇನೋ ಇಲ್ಲವೋ ಎಂಬ ಅನುಮಾನ ಅವನಿಗೆ ಹತ್ತುತ್ತದೆ ಎಂಬುದು ದೊಡ್ಡ ದೂರು.

ಆ ಅನುಮಾನದ ಬೆಲೆ ನನಗೆ ಚೆನ್ನಾಗಿ ಗೊತ್ತು. ನಾನು ವರ್ಗವಾಗಿ ಮೊದಲ ಸಲ ಥಾಣೆಗೆ ಬಂದಾಗ ಸ್ಟೇಶನ್ನಿನ ಪಶ್ಚಿಮಕ್ಕಿಳಿದು, ಕೈಯಲ್ಲಿ ಟ್ರಂಕು ಹಿಡಿದು, ಗೋಖಲೆ ರಸ್ತೆಯ ಒಂದು ಪಾನಿನ ಅಂಗಡಿಯವನನ್ನು ನೌಪಾಡಾ ಎಲ್ಲಿ ಎಂದು ಕೇಳಿದ್ದೆ. ಅವನು ತಲೆ ಎತ್ತದೆ "ಹೇಚ್ ನೌಪಾಡಾ" ಎಂದ. ಇದೇ ನೌಪಾಡಾ. ಪರ ಊರಿನವನನ್ನು ಹೀಗೆ ಒಂದೇ ಮಾತಿನಲ್ಲಿ ಸಾಗಹಾಕುವುದೇ ಎಂದು ಸಿಟ್ಟಾಗಿ ರಿಕ್ಷಾ ಹತ್ತಿ ನೌಪಾಡಾಕ್ಕೆ ಬಿಡು ಎಂದೆ. ರಿಕ್ಷಾದವನು ನನ್ನ ಟ್ರಂಕನ್ನೂ ನನ್ನನ್ನೂ ಒಮ್ಮೆ ನೋಡಿ ಮೀಟರ್ ಹಾಕಿದ. ರಾಮ ಮಾರುತಿ ರಸ್ತೆ, ಹರಿನಿವಾಸ, ತೀನ್ ಪೆಟ್ರೋಲ್ ಪಂಪ್ ಎಲ್ಲ ತೋರಿಸಿ ಕೊನೆಗೆ ಅದೇ ಪಾನಿನ ಅಂಗಡಿಯ ಮುಂದೆ ಇಳಿಸಿದ. ಅಂಗಡಿಯವನು ಈ ಸಲ ತಲೆ ಎತ್ತಿದ. "ಹೇಚ್" ಎಂದ. ಈಗಿರುವ ಪುಟದ ಹೆಸರಿಗೆ ಲಿಂಕ್ ಹಚ್ಚಿಡುವವನು ಆ ರಿಕ್ಷಾದವನು. ಸುತ್ತಿಸಿ, ದುಡ್ಡು ತೆಗೆದುಕೊಂಡು, ಹೊರಟಲ್ಲಿಗೇ ತಂದು ಬಿಡುತ್ತಾನೆ. ಲಿಂಕ್ ತೆಗೆದು ಹೆಸರನ್ನಷ್ಟೇ ಎದ್ದು ಕಾಣುವಂತೆ ಮಾಡುವವನು ಪಾನಿನವನು. ಸತ್ಯ ಹೇಳುತ್ತಾನೆ, ಆದರೆ ಬಿಗುಮಾನದವನೆಂದು ಹೆಸರು ಪಡೆಯುತ್ತಾನೆ.

ಇಷ್ಟೆಲ್ಲ ಓದಿ ತಿಳಿದ ಮೇಲೂ ನಾನು ಏನೂ ಮಾಡಲಿಲ್ಲ. ಖಜಾಂಚಿಯೊಬ್ಬರಿಗೆ ತಾನೆ ತೊಂದರೆ, ಲೆಕ್ಕ ಕೇಳುವಾಗ ಅವರು ನಮಗೆ ಕೊಡುವುದಕ್ಕಿಂತ ಇದು ಕಡಿಮೆಯೇ ಎಂದುಕೊಂಡೆ. ಆಗ ಮಹಿಳಾ ವಿಭಾಗದ ಅಕ್ಕ ಫೋನ್ ಮಾಡಿದರು.

ಸದಸ್ಯತ್ವದ ಅರ್ಜಿಯನ್ನು ಆನ್‌ಲೈನ್ ಮಾಡಿದ್ದು ನನ್ನ ಅವಧಿಯ ದೊಡ್ಡ ಸಾಧನೆ. ಅರ್ಜಿಯಲ್ಲಿ ಹೆಸರು, ಥಾಣೆಯ ವಿಳಾಸ, ಊರಿನ ವಿಳಾಸ, ಊರು ಬಿಟ್ಟು ಬಂದ ವರ್ಷ, ಮನೆಯಲ್ಲಿರುವವರ ಹೆಸರು, ಅವರವರ ವಯಸ್ಸು, ರಕ್ತದ ಗುಂಪು, ಹವ್ಯಾಸ, ಹಾಡಲು ಬರುತ್ತದೆಯೇ, ಬರುವುದಿಲ್ಲವಾದರೂ ಹಾಡುತ್ತೀರಾ, ಎಲ್ಲವನ್ನೂ ಕೇಳಿದ್ದೆ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿ ಪಳಗಿದ ಕೈ. ಎಲ್ಲದರ ಅಡಿಯಲ್ಲಿ, ಮೊಬೈಲಿನಲ್ಲಿ ಬಹಳ ದೂರ ಇಳಿದರೆ ಸಿಗುವಂತೆ, "ರವಾನಿಸು" ಎಂಬ ಒಂದು ಸಣ್ಣ ಗುಂಡಿ.

ಅಕ್ಕ ತಮ್ಮ ನಾದಿನಿಯ ಅರ್ಜಿಯನ್ನು ತಾವೇ ಕನ್ನಡದಲ್ಲಿ ತುಂಬಿದರು. ಹೆಬ್ಬೆರಳಿನಿಂದ ಮೊಬೈಲಿನಲ್ಲಿ ಕನ್ನಡ ಒತ್ತುವುದೆಂದರೆ ಎಷ್ಟು ಕಷ್ಟ ಎಂದು ಒತ್ತಿದವರಿಗೆ ಗೊತ್ತು. ಎಲ್ಲ ಮುಗಿಸಿ, ಈಗ ಏನು ಮಾಡಬೇಕೆಂದು ನೋಡಿದರೆ ಮೇಲುಗಡೆ ಮೆನುವಿನಲ್ಲಿ "ಸದಸ್ಯತ್ವ" ಎಂದು ಬರೆದಿದೆ. ಬೇಕಾದದ್ದು ಸದಸ್ಯತ್ವವೇ. ಅದನ್ನೇ ಒತ್ತಿದರು. ಪುಟ ಬೆಳ್ಳಗಾಗಿ, ಹೊಸದಾಗಿ ತೆರೆದು, ನಾದಿನಿಯ ರಕ್ತದ ಗುಂಪಿನ ಸಮೇತ ಎಲ್ಲವೂ ಅಳಿಸಿಹೋಯಿತು.

"ಎಂತ ಮಾರಾಯ್ರೆ ನಿಮ್ಮದು! ಇಷ್ಟುದ್ದ ಬರೆದದ್ದು ಒಂದೂ ಇಲ್ಲ. ನಿಮ್ಮ ಹತ್ರ ಬಂತಾ?"

"ಇಲ್ಲ ಅಕ್ಕಾ, ಬಂದಿಲ್ಲ."

"ಹಾಗಾದರೆ ಎಲ್ಲಿಗೆ ಹೋಯಿತು?"

ಎಲ್ಲಿಗೂ ಹೋಗಲಿಲ್ಲ, ಅದೇ ಪುಟ ಮತ್ತೆ ಹೊಸದಾಗಿ ಬಂತು ಎಂದು ವಿವರಿಸಲು ಹೊರಟೆ. ಅವರು ಮಧ್ಯೆ ತಡೆದು, "ಇನ್ನೊಮ್ಮೆ ತುಂಬುತ್ತೇನೆ, ಈ ಸಲ ಸರಿಯಾಗಿ ಒತ್ತುತ್ತೇನೆ" ಎಂದರು. ಸರಿಯಾಗಿ ಒತ್ತಿದರು. ಅದನ್ನೇ. ಆಮೇಲೆ ನಾದಿನಿಗೇ ಬೇಸರ ಬಂದು, ಆಕೆ ಡೊಂಬಿವಲಿಯ ಸಂಘಕ್ಕೆ ಸೇರಿಕೊಂಡರಂತೆ. ಅಲ್ಲಿ ಇನ್ನೂ ಕಾಗದದ ಅರ್ಜಿ.

ಆ ಮಾತು ಚುಚ್ಚಿತು. ಅಂದೇ ರಾತ್ರಿ ಪ್ರತಿ ಪುಟದಲ್ಲೂ ಆಯಾ ಪುಟದ ಲಿಂಕಿನೊಳಗಿನ ವಿಳಾಸವನ್ನು ತೆಗೆದು ಅದರ ಜಾಗದಲ್ಲಿ ಒಂದು ಹ್ಯಾಶ್ ಚಿಹ್ನೆ ಹಾಕಿದೆ. ಯಾವುದೋ ವೀಡಿಯೋದಲ್ಲಿ ಹಾಗೆ ಮಾಡುತ್ತಿದ್ದರು. ಹ್ಯಾಶ್ ಅಂದರೆ ಬ್ರೌಸರಿನ ಭಾಷೆಯಲ್ಲಿ "ಪುಟದ ತಲೆಗೆ ಹೋಗು" ಎಂದು ಆ ವೀಡಿಯೋದವನು ಹೇಳಲಿಲ್ಲವೋ, ಹೇಳುವಾಗ ನಾನು ಅಡುಗೆಮನೆಗೆ ಹೋಗಿದ್ದೆನೋ. ನಮ್ಮ ಮೆನು ಪುಟ ಸರಿಸಿದರೂ ಮೇಲ್ಗಡೆಯೇ ಅಂಟಿಕೊಂಡಿರುವಂಥದ್ದು. ವಾರ್ಷಿಕ ವರದಿಯನ್ನು ಕೊನೆಯವರೆಗೂ ಓದುವ ಏಕೈಕ ಸದಸ್ಯರಾದ ನಮ್ಮ ಲೆಕ್ಕಪರಿಶೋಧಕರು ಮುಕ್ಕಾಲು ಪಾಲು ಇಳಿದು ಬಂದಾಗ ಬೆರಳು ಮೆನುವಿಗೆ ತಾಗಿ, ಸ್ವಾಗತ ಭಾಷಣಕ್ಕೆ ಹಾರಿ ಬಿದ್ದರು. ಸಂಘದ ಸ್ವಾಗತ ಭಾಷಣವನ್ನು ಎರಡು ಸಲ ಓದುವ ಶಿಕ್ಷೆ ಯಾರಿಗೂ ಬೇಡ. ಹ್ಯಾಶ್ ತೆಗೆದೆ.

ಈಗ ಲಿಂಕೇ ಇಲ್ಲ, ಬರೀ ಹೆಸರು. ಇದು ಶಾಸ್ತ್ರೋಕ್ತ. ಎಚ್‌ಟಿಎಂಎಲ್‌ನ ನಿಯಮಗ್ರಂಥದಲ್ಲೇ ವಿಳಾಸವಿಲ್ಲದ ಲಿಂಕಿಗೆ ಜಾಗವಿದೆ. ಇಲ್ಲೊಂದು ಲಿಂಕ್ ಇರಬಹುದಿತ್ತು, ಸದ್ಯಕ್ಕೆ ಅದರ ಅಗತ್ಯವಿಲ್ಲ, ಜಾಗ ಮಾತ್ರ ಹಿಡಿದಿಟ್ಟಿದ್ದೇವೆ ಎಂದು ಅದರರ್ಥ. ಅಲ್ಲಿ ಕೊಟ್ಟಿರುವ ಉದಾಹರಣೆಯೂ ಮೆನುವಿನಲ್ಲಿ ಈಗಿರುವ ಪುಟದ್ದೇ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕುವ ಪದ್ಧತಿಯನ್ನು ಅವರೂ ಒಪ್ಪಿಕೊಂಡಿದ್ದಾರೆ. ಆದರೆ ಒತ್ತಿದರೆ ಏನೂ ಆಗದ ಹೆಸರು ಒತ್ತಿದರೆ ಏನಾದರೂ ಆಗುವ ಹೆಸರುಗಳ ಹಾಗೆಯೇ ಕಂಡರೆ ಖಜಾಂಚಿ ಸುಮ್ಮನಿರುತ್ತಾರೆಯೇ? "ಮೊದಲು ಬೆಳ್ಳಗಾಗ್ತಿತ್ತು, ಈಗ ಅದೂ ಇಲ್ಲ" ಎಂದರು. ಕೆಟ್ಟದ್ದು ಈಗ ಪೂರ್ತಿ ಕೆಟ್ಟಿತು ಎಂಬುದು ಅವರ ನಿರ್ಣಯ. ಆದ್ದರಿಂದ ಆ ಒಂದು ಹೆಸರು ಬೇರೆಯಾಗಿ ಕಾಣಲಿ ಎಂದು ಅದಕ್ಕೆ ಬೂದು ಬಣ್ಣ ಬಳಿದೆ.

ಬೂದು ಬಣ್ಣದ ಪರಿಣಾಮವನ್ನು ನೌಪಾಡಾದ ಕನ್ನಡಿಗರ ಇತಿಹಾಸ ಬರೆಯುವವರು ಗಮನಿಸಬೇಕು. ನನಗೆ ಬೂದು ಎಂದರೆ "ನೀವು ಇಲ್ಲೇ ಇದ್ದೀರಿ". ಉಳಿದ ಪ್ರಪಂಚಕ್ಕೆ ಬೂದು ಎಂದರೆ "ಈ ಸೌಲಭ್ಯ ನಿಮಗಿಲ್ಲ". ಮೊಬೈಲಿನಲ್ಲಿ, ಎಟಿಎಂ ಪರದೆಯಲ್ಲಿ, ರೈಲು ಟಿಕೆಟ್ ಕಾದಿರಿಸುವಾಗ, ಎಲ್ಲೆಡೆ ಬೂದಾದದ್ದು ಸಿಗುವುದಿಲ್ಲ. ಸಂಘದ ಚುನಾವಣೆ ಹತ್ತಿರ ಬಂದಿತ್ತು. ಹೊಸ ಸದಸ್ಯರನ್ನು ಸೇರಿಸುವ ಭರಾಟೆಯಲ್ಲಿದ್ದ ವಿರೋಧಿ ಬಣದವರೊಬ್ಬರು ಸದಸ್ಯತ್ವದ ಪುಟ ತೆರೆದರು. ತೆರೆದ ಕೂಡಲೇ, ನಾನು ಮಾಡಿದ್ದ ಏರ್ಪಾಡಿನಂತೆ, ಮೆನುವಿನಲ್ಲಿ "ಸದಸ್ಯತ್ವ" ಎಂಬ ಹೆಸರು ಬೂದಾಯಿತು. ಕಣ್ಣೆದುರೇ ಬಾಗಿಲು ಹಾಕಿಕೊಂಡ ಹಾಗೆ ಕಂಡಿತಂತೆ. ಕೆಳಗೆ ಇಡೀ ಅರ್ಜಿ ತೆರೆದುಕೊಂಡು ಬಿದ್ದಿತ್ತು, ಅದನ್ನು ನೋಡುವ ವ್ಯವಧಾನ ಯಾರಿಗಿದೆ?

ಸಂಜೆಯೊಳಗೆ ಸ್ಕ್ರೀನ್‌ಶಾಟ್ ಕಲ್ಯಾಣ ದಾಟಿತ್ತು. "ಸದಸ್ಯತ್ವ ಬಂದ್ ಮಾಡಿದ್ದಾರೆ, ಹಾಲಿ ಸಮಿತಿಯ ಕುತಂತ್ರ" ಎಂಬ ಒಕ್ಕಣೆ. ನವಿ ಮುಂಬಯಿಯಿಂದ ಒಬ್ಬರು ಫೋನ್ ಮಾಡಿ, ತಮ್ಮ ಆಜೀವ ಸದಸ್ಯತ್ವವೂ ಬೂದಾಗಿದೆಯೇ ಎಂದು ವಿಚಾರಿಸಿದರು. ಅಧ್ಯಕ್ಷರು ನನ್ನನ್ನು ಕರೆಸಿ, ಬಾಗಿಲು ಹಾಕಿ, ತಗ್ಗಿದ ದನಿಯಲ್ಲಿ ಕೇಳಿದರು: "ನೀವು ನಿಜವಾಗಿ ಯಾವ ಕಡೆ?" ನಾನು ಯಾವ ಕಡೆಯೂ ಅಲ್ಲ, ಡೆನ್ಮಾರ್ಕಿನವರೊಬ್ಬರು ಹೇಳಿದ್ದನ್ನು ಮಾಡಿದೆ ಎಂದೆ. ಅಧ್ಯಕ್ಷರ ಮುಖದಲ್ಲಿ ವಿದೇಶೀ ಕೈವಾಡದ ಅನುಮಾನವೂ ಮೂಡಿತು. ಕೊನೆಗೆ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪ್ರಕಟಣೆ ಹೊರಟಿತು: "ಸಂಘದ ಸದಸ್ಯತ್ವವು ಎಂದಿನಂತೆ ತೆರೆದಿರುತ್ತದೆ. ಬೂದು ಬಣ್ಣಕ್ಕೂ ಸಮಿತಿಯ ನೀತಿಗೂ ಸಂಬಂಧವಿಲ್ಲ." ಪ್ರಕಟಣೆಯ ಕೆಳಗೆ ನನ್ನ ರುಜು. ಅದಕ್ಕೆ ಮೊದಲು ನಂಬದಿದ್ದವರೂ ಆ ಪ್ರಕಟಣೆ ಓದಿದ ಮೇಲೆ ಏನೋ ಇದೆ ಎಂದು ನಂಬಿದರು.

ಇದಾದ ಮೇಲೆ ನಾನು ಸಿಟ್ಟಿನಲ್ಲಿ ಆಯಾ ಪುಟದ ಹೆಸರನ್ನು ಆಯಾ ಮೆನುವಿನಿಂದಲೇ ತೆಗೆದುಹಾಕಿದೆ. ಇಲ್ಲದಿದ್ದರೆ ಯಾರೂ ಒತ್ತುವುದಿಲ್ಲವಲ್ಲ. ಆದರೆ ಒಂದು ಹೆಸರು ಹೋದರೆ ಉಳಿದವು ಸರಿದು ಕೂರುತ್ತವೆ. ಓದದೆ ಜಾಗ ನೋಡಿ ಒತ್ತುವ ನಮ್ಮ ಹಿರಿಯರಿಗೆ ಪ್ರತಿ ಪುಟದಲ್ಲೂ ಮೆನು ಸಂಗೀತ ಕುರ್ಚಿ ಆಡಿತು. ಎರಡೇ ದಿನದಲ್ಲಿ ಎಲ್ಲ ಹೆಸರುಗಳನ್ನೂ ಮರಳಿ ಕರೆತಂದೆ.

ಉಳಿದದ್ದು ಬಣ್ಣ ಬದಲಿಸುವುದು. ಬೇರೆಲ್ಲ ಹಸಿರು, ಈಗಿನ ಪುಟ ಕೆಂಪು. ಕಾರ್ಯಕಾರಿ ಸಮಿತಿಗೆ ಪರದೆಯ ಮೇಲೆ ತೋರಿಸಿದೆ. ಎಲ್ಲರೂ ತಲೆದೂಗಿದರು. ಜತೆ ಕಾರ್ಯದರ್ಶಿ ಮಾತ್ರ, "ಯಾವುದು ಕೆಂಪು?" ಎಂದರು. ತಮಾಷೆ ಎಂದುಕೊಂಡು ನಕ್ಕೆವು. ಅವರು ನಗಲಿಲ್ಲ. ಇಷ್ಟು ವರ್ಷ ಅವರ ಪಕ್ಕ ಕೂತಿದ್ದರೂ ಅವರಿಗೆ ಕೆಂಪು ಹಸಿರುಗಳ ಭೇದ ಕಾಣುವುದಿಲ್ಲವೆಂದು ನಮಗೆ ಗೊತ್ತಿರಲಿಲ್ಲ. ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಅವರು ತರುತ್ತಿದ್ದ ಶಾಲುಗಳ ಬಣ್ಣ ಯಾಕೆ ಹಾಗಿರುತ್ತಿತ್ತು ಎಂಬುದು ಅಂದು ಬಗೆಹರಿಯಿತು. ಬಣ್ಣವೊಂದನ್ನೇ ನಂಬಿ ಏನನ್ನೂ ಹೇಳಬೇಡಿ ಎಂದು ಡಬ್ಲ್ಯೂ3ಸಿ ಎಂಬ ವೆಬ್‌ನ ಮಾನಕ ಸಂಸ್ಥೆ 1999ರಲ್ಲೇ ಬರೆದಿಟ್ಟಿದೆ. ಗಂಡಸರಲ್ಲಿ ಈ ತೊಂದರೆ ಹೆಂಗಸರಿಗಿಂತ ಹೆಚ್ಚು, ಮತ್ತು ನಮ್ಮ ಸಮಿತಿಯಲ್ಲಿ ಒಬ್ಬ ಅಕ್ಕನನ್ನು ಬಿಟ್ಟರೆ ಎಲ್ಲರೂ ಗಂಡಸರು.

ಹಾಗಿದ್ದರೆ ಹೆಸರಿನ ಅಡಿಗೆ ಗೆರೆ. "ಮುಖಪುಟ"ದ ಅಡಿಯಲ್ಲಿ ಎಳೆದು ನೋಡಿದೆ, ಬಹಳ ಚೆನ್ನಾಗಿ ಬಂತು. ಸಮಾಧಾನವಾಗಿ ಮಲಗಿದೆ. "ಮುಖಪುಟ" ಎಂಬ ಪದದಲ್ಲಿ ಒಂದೇ ಒಂದು ಒತ್ತಕ್ಷರವಿಲ್ಲ ಎಂಬುದು ಬೆಳಿಗ್ಗೆ "ಸದಸ್ಯತ್ವ" ನೋಡಿದಾಗ ತಿಳಿಯಿತು. ಯ ಒತ್ತು, ವ ಒತ್ತು ಎರಡೂ ಗೆರೆಯ ಮೇಲೆ ಬಂದು ಕೂತಿವೆ. ಈಗಿನ ಬ್ರೌಸರುಗಳು ಅಕ್ಷರ ಅಡ್ಡ ಬಂದಲ್ಲಿ ಗೆರೆಯನ್ನು ತುಂಡರಿಸಿ ಮುಂದೆ ಹೋಗುತ್ತವೆ. ಹೀಗಾಗಿ "ನಮ್ಮ ಬಗ್ಗೆ"ಯ ಅಡಿಯಲ್ಲಿ ಉಳಿದದ್ದು ಗೆರೆಯಲ್ಲ, ಗೆರೆಯ ಚೂರುಗಳು. ಇಂಗ್ಲಿಷಿನ ಜಿ, ವೈಗಳ ಬಾಲಕ್ಕಾಗಿ ಮಾಡಿದ ಉಪಕಾರ ಅದು. ಕನ್ನಡದಲ್ಲಿ ಬಾಲವೇ ಅರ್ಧ ಅಕ್ಷರ. ಗೆರೆಯನ್ನು ಇನ್ನಷ್ಟು ಕೆಳಗೆ ತಳ್ಳಲು ಒಂದು ಸೂತ್ರವಿದೆ. ಅದನ್ನು ಹಾಕಿದ ಮೇಲೆ ಒತ್ತಕ್ಷರಗಳು ಪಾರಾದವು. ದಪ್ಪಕ್ಷರವನ್ನೂ ಪ್ರಯತ್ನಿಸಿದ್ದೆ. ನಮ್ಮ ಫಾಂಟಿನಲ್ಲಿ ದಪ್ಪದ ರೂಪ ಇರಲಿಲ್ಲವಾಗಿ ಬ್ರೌಸರ್ ತಾನೇ ಮಸಿ ಬಳಿದು ದಪ್ಪ ಮಾಡಿತು. "ಕಾರ್ಯಕ್ರಮಗಳು" ಎಂಬುದು ಹೊಗೆ ಹಿಡಿದ ಒಲೆಯಂತಾಯಿತು ಎಂದಳು ಹೆಂಡತಿ. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ.

ಇಷ್ಟಾದರೂ ಕೆಲಸ ಮುಗಿದಿರಲಿಲ್ಲ ಎಂದು ತೋರಿಸಿಕೊಟ್ಟವರು ಮೇಷ್ಟ್ರು. ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ, ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಓದಲು ಬರುತ್ತಿದ್ದ ಹುಡುಗರಿಗೆ ವ್ಯಾಕರಣ ಕಲಿಸಿದವರು. ಕಣ್ಣು ಹೋಗಿ ಎಷ್ಟೋ ಕಾಲವಾಯಿತು. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶವಿದೆ, ಪರದೆಯ ಮೇಲಿನದನ್ನೆಲ್ಲ ಓದಿ ಹೇಳುತ್ತದೆ. ಮೈಕೆಲ್ ಕರನ್, ಜೇಮ್ಸ್ ಟೆ ಎಂಬ ಇಬ್ಬರು ಆಸ್ಟ್ರೇಲಿಯಾದವರು, ತಾವೂ ಕಣ್ಣಿಲ್ಲದವರೇ, ಕಟ್ಟಿದ ತಂತ್ರಾಂಶ ಅದು. 2006ರಲ್ಲಿ ಆರಂಭವಾದದ್ದು, ಪೂರ್ತಿ ಉಚಿತ. ಕನ್ನಡವನ್ನೂ ಓದುತ್ತದೆ, ಪರೀಕ್ಷೆಗೆ ತಡವಾದವನ ವೇಗದಲ್ಲಿ. ಮೇಷ್ಟ್ರಿಗೆ ಆ ವೇಗವೂ ಸಾಲದು, ಇನ್ನೂ ಏರಿಸಿಟ್ಟುಕೊಂಡಿದ್ದಾರೆ.

ಅವರ ಮನೆಗೆ ಹೋದದ್ದು ನನ್ನ ಮೆನುವನ್ನು ಹೊಗಳಿಸಿಕೊಳ್ಳಲು. ಅವರು ಕೆ ಗುಂಡಿ ಒತ್ತುತ್ತ ಹೋದರು. ಒಂದೊಂದು ಒತ್ತಿಗೆ ಒಂದೊಂದು ಲಿಂಕಿಗೆ ಹಾರುತ್ತದೆ. ಲಿಂಕ್ ಮುಖಪುಟ, ಲಿಂಕ್ ನಮ್ಮ ಬಗ್ಗೆ, ಲಿಂಕ್ ಕಾರ್ಯಕ್ರಮಗಳು, ಲಿಂಕ್ ಚಿತ್ರಗಳು, ಲಿಂಕ್ ಸಂಪರ್ಕ.

"ಸದಸ್ಯತ್ವ ತೆಗೆದುಬಿಟ್ಟಿರಾ? ಊರೆಲ್ಲ ಮಾತಾಡಿದ್ದು ನಿಜವೇ ಹಾಗಾದರೆ."

"ಇಲ್ಲ ಮೇಷ್ಟ್ರೇ, ಇದೆ. ನೀವೀಗ ಅದೇ ಪುಟದಲ್ಲಿದ್ದೀರಿ, ಅದಕ್ಕೆ ಲಿಂಕ್ ತೆಗೆದಿದ್ದೇನೆ. ಬಣ್ಣ ಬೇರೆ ಇದೆ, ಕೆಳಗೆ ಗೆರೆ ಎಳೆದಿದ್ದೇನೆ."

"ನೀವು ಎಳೆದ ಗೆರೆ ನನಗೆ ಕೇಳಿಸುವುದಿಲ್ಲವಲ್ಲ" ಎಂದರು ಮೇಷ್ಟ್ರು, ಯಾವ ಕಹಿಯೂ ಇಲ್ಲದೆ, ವಿಭಕ್ತಿ ತಪ್ಪಿದ ಹುಡುಗನನ್ನು ತಿದ್ದುವ ದನಿಯಲ್ಲಿ.

ಮುಂದಿನದನ್ನು ಅವರೇ ಕಲಿಸಿದರು. ಇಂಥದ್ದಕ್ಕೆಂದೇ ಏರಿಯಾ-ಕರೆಂಟ್ ಎಂಬ ಒಂದು ಗುರುತಿದೆ. 2017ರ ಡಿಸೆಂಬರಿನಲ್ಲಿ ಡಬ್ಲ್ಯೂ3ಸಿ ಅಂಗೀಕರಿಸಿದ ಮಾನಕದಲ್ಲಿ ಸೇರಿದ್ದು. ಮೆನುವಿನ ಆ ಹೆಸರಿಗೆ ಏರಿಯಾ-ಕರೆಂಟ್, ಬೆಲೆ ಪೇಜ್ ಎಂದು ಬರೆದರೆ ಸಾಕು, ಓದುವ ತಂತ್ರಾಂಶ ಅಲ್ಲಿಗೆ ಬಂದಾಗ ಹೆಸರಿನ ಜತೆ ಕರೆಂಟ್ ಪೇಜ್ ಎಂದೂ ಹೇಳುತ್ತದೆ. ಹಲವು ಹಂತಗಳ ಅರ್ಜಿಯಲ್ಲಿ ಈಗಿನ ಹಂತ, ಪಂಚಾಂಗದಲ್ಲಿ ಇವತ್ತಿನ ದಿನ, ಅಂಥವಕ್ಕೂ ಬೇರೆ ಬೇರೆ ಬೆಲೆಗಳಿವೆ. ಹಾಗಾದರೆ ಲಿಂಕ್ ಇರಬೇಕೋ ಬೇಡವೋ ಎಂದು ಕೇಳಿದೆ. "ಇರಲಿ ಬಿಡಿ. ಕೆ ಒತ್ತಿಕೊಂಡು ಹೋಗುವವನಿಗೆ ಸಾಲು ತುಂಡಾಗುವುದಿಲ್ಲ. ಕಾರ್ಯಕ್ರಮಗಳ ಪುಟದಲ್ಲಿ ಹೊಸದೇನಾದರೂ ಬಂತಾ ಎಂದು ಮತ್ತೊಮ್ಮೆ ತೆರೆಯಲಿಕ್ಕೂ ಆದೀತು. ಅರ್ಜಿ ಇರುವ ಪುಟದಲ್ಲಿ ಮಾತ್ರ ಬೇಡ. ಅಕ್ಕನ ನಾದಿನಿಯ ಕತೆ ನಾನೂ ಕೇಳಿದ್ದೇನೆ."

ನೀಲ್ಸನ್ ಅವರಿಗಿಂತ ಮೇಷ್ಟ್ರ ತೀರ್ಪೇ ನನಗೆ ಹಿಡಿಸಿತು. ಒಂದು ಕಾರಣ, ಅದು ನಮ್ಮ ಸದಸ್ಯರ ಮೇಲೆ ಪ್ರಯೋಗ ಮಾಡಿ ಬಂದದ್ದು. ಇನ್ನೊಂದು, ಅವರು ಕಾಫಿ ಕೊಟ್ಟಿದ್ದರು.

ಮನೆಗೆ ಬಂದು "ನಮ್ಮ ಬಗ್ಗೆ" ಪುಟದ ಮೆನುವಿನಲ್ಲಿ ಗುರುತನ್ನು ಜಾಗ್ರತೆಯಿಂದ ಬರೆದೆ. ಬರೆದದ್ದು ಸರಿಯಾಗಿ ಬಂದ ಖುಷಿಯಲ್ಲಿ ಆ ಮೆನುವನ್ನೇ ಪೂರ್ತಿ ನಕಲು ಮಾಡಿ ಉಳಿದ ಪುಟಗಳಿಗೆಲ್ಲ ಅಂಟಿಸಿದೆ. ಮರುದಿನ ಮೇಷ್ಟ್ರ ಫೋನ್.

"ಮುಖಪುಟಕ್ಕೆ ಹೋದರೂ ನಮ್ಮ ಬಗ್ಗೆ ಎಂಬಲ್ಲಿ ಇದ್ದೀರಿ ಅನ್ನುತ್ತದೆ. ಚಿತ್ರಗಳಿಗೆ ಹೋದರೂ ನಮ್ಮ ಬಗ್ಗೆ. ಸಂಪರ್ಕಕ್ಕೆ ಹೋದರೂ ನಮ್ಮ ಬಗ್ಗೆ. ಎಲ್ಲಿ ಹೋದರೂ ನಾವು ನಮ್ಮ ಬಗ್ಗೆಯೇ ಇರುತ್ತೇವೆ." ಸ್ವಲ್ಪ ತಡೆದು ಸೇರಿಸಿದರು: "ಸಂಘಗಳ ವಿಷಯದಲ್ಲಿ ಇದು ತಪ್ಪು ಅಂತ ನಾನು ಹೇಳಲಾರೆ."

ಕೊನೆಗೆ ಸೋತು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನ ಮಗನಿಗೆ ಪಾಸ್‌ವರ್ಡ್ ಕೊಟ್ಟೆ. ಅವನು ಹಳೆಯ ಬ್ಯಾಕಪ್ ಒಂದನ್ನು ತೆಗೆದು ನೋಡಿ ಫೋನ್ ಮಾಡಿದ.

"ಕಾಕಾ, ವರ್ಡ್‌ಪ್ರೆಸ್‌ನ ಮೆನು ಇದನ್ನೆಲ್ಲ ತಾನೇ ಮಾಡುತ್ತದೆ. ಯಾವ ಪುಟದಲ್ಲಿದ್ದೀವೋ ಆ ಹೆಸರಿಗೆ ತಾನಾಗಿಯೇ ಗುರುತು ಹಾಕುತ್ತದೆ, ಏರಿಯಾ-ಕರೆಂಟನ್ನೂ ಹಾಕುತ್ತದೆ. ನಿಮ್ಮ ಹಳೆಯ ಸೈಟಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು, ಅಡಿಯಲ್ಲಿ ಗೆರೆ ಕೂಡ, ಒತ್ತಕ್ಷರಕ್ಕೆ ತಾಗದ ಹಾಗೆ. ಯಾರೋ ಪುಣ್ಯಾತ್ಮರು ಕಿತ್ತುಹಾಕಿದ್ದಾರೆ."

"ಹಿಂದಿನ ಸಮಿತಿಯವರಿರಬೇಕು" ಎಂದೆ.

ಅವನು ಹಳೆಯ ಮೆನುವನ್ನು ಮರಳಿ ಕೂರಿಸಿದ, ಸದಸ್ಯತ್ವದ ಪುಟದಲ್ಲಿ ಮಾತ್ರ ಆ ಹೆಸರಿನ ಲಿಂಕ್ ತೆಗೆದ, "ರವಾನಿಸು" ಗುಂಡಿಯನ್ನು ದೊಡ್ಡದು ಮಾಡಿದ, ಅರ್ಜಿಯಿಂದ ಹಾಡಿನ ಪ್ರಶ್ನೆಗಳನ್ನು ಅಳಿಸಿದ. ಕಾರ್ಯಕಾರಿ ಸಮಿತಿ ನನ್ನನ್ನು ಅಭಿನಂದಿಸಿ ನಿರ್ಣಯ ಮಾಡಿತು. ಜತೆ ಕಾರ್ಯದರ್ಶಿ ಒಂದು ಶಾಲು ಹೊದಿಸಿದರು, ಬಣ್ಣ ಹೇಳುವುದಿಲ್ಲ.

ಈ ಯಶಸ್ಸಿನಿಂದ ಹುರುಪು ಬಂದು ಅಧ್ಯಕ್ಷರು, ಸಂಘದ ವಾಟ್ಸಾಪ್ ಗುಂಪಿಗೂ ಎಲ್ಲ ಸದಸ್ಯರನ್ನು ಸೇರಿಸಬೇಕು, ಅದಕ್ಕೊಂದು ಲಿಂಕ್ ಮಾಡಿಕೊಡಿ ಎಂದರು. ಮಾಡಿಕೊಟ್ಟೆ. ಅವರು ಅದನ್ನು "ನಮ್ಮ ಗುಂಪಿಗೆ ಸೇರಲು ಎಲ್ಲರೂ ತಪ್ಪದೆ ಒತ್ತಿ" ಎಂಬ ಒಕ್ಕಣೆಯೊಡನೆ ಅದೇ ಗುಂಪಿಗೆ ಹಾಕಿದರು. ಎಲ್ಲರೂ ತಪ್ಪದೆ ಒತ್ತಿದರು. ಅರ್ಧ ತಾಸಿನಲ್ಲಿ ಕೈಮುಗಿದ ಚಿತ್ರಗಳೂ ಗುಲಾಬಿಗಳೂ ತುಂಬಿಹೋದವು. ಅಕ್ಕ ತಮ್ಮ ನಾದಿನಿಗೂ ಕಳಿಸಿದ್ದೇನೆಂದು ಬರೆದರು. ಖಜಾಂಚಿಯವರ ಸಂದೇಶ ಎಲ್ಲರ ನಂತರ ಬಂತು: "ಒತ್ತೀನಿ. ಮತ್ತ ಇಲ್ಲೇ ಬಂತು."

ಅಧ್ಯಕ್ಷರು ಕೂಡಲೇ ಉತ್ತರಿಸಿದರು: "ಬಂತಲ್ಲ, ಹಾಗಾದರೆ ಸರಿಯಾಗಿದೆ."